ಹೊಳೆವ್ವನ ಸೀನು ಮತ್ತು ಅಂಗಳದ ಕುರ್ಚಿಗಳು

ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಓಣಿಯಲ್ಲಿ ಯಾರ ಮನೆಯ ಮಗನೋ ಮಗಳೋ ಲಗ್ನಕ್ಕೆ ಬಂದರೆ ತಾಯಂದಿರು ಮೊದಲು ಹೋಗುತ್ತಿದ್ದುದು ಹೊಳೆವ್ವನ ಅಂಗಳಕ್ಕೆ. ದೇವರಿಗೆ ಕಾಯಿ ಒಡೆಸುವುದು ಆಮೇಲೆ.

ತಿಕೋಟಾ ಅವಳ ತವರು. ವಿಜಾಪುರಕ್ಕೆ ಸೊಸೆಯಾಗಿ ಬಂದ ಮೇಲೆ ಎರಡೂ ಊರಿನ ನಡುವೆ ಬಸ್ಸಿನಲ್ಲಿ ಓಡಾಡುತ್ತ, ಪಕ್ಕದಲ್ಲಿ ಕುಳಿತವರ ಮನೆತನ, ಹೊಲ, ಮಕ್ಕಳ ವಯಸ್ಸು ಎಲ್ಲವನ್ನೂ ಕೇಳಿ ತಿಳಿಯುತ್ತ, ಲಗ್ನ ಕೂಡಿಸುವ ವಿದ್ಯೆಯನ್ನು ಯಾರೂ ಹೇಳಿಕೊಡದೆ ಕಲಿತವಳು. ತಿಕೋಟಾದಲ್ಲಿ ಬಸ್ಸು ಹತ್ತಿದರೆ ತೊರವಿ ಬರುವುದರೊಳಗೆ ಒಂದು ಮನೆತನದ ಪೂರ್ತಿ ವಿವರ ಅವಳ ಸೆರಗಿನಲ್ಲಿ ಗಂಟು ಬಿದ್ದಿರುತ್ತಿತ್ತು. ಗಂಡ ರಾಮಲಿಂಗ ಊರಿನ ಓಣಿಗಳಿಗೆ ನಳದ ನೀರು ಬಿಡುವ ಕೆಲಸದವನು. ಅವನ ಮಾತು ಬೇಸಿಗೆಯ ನಳದಂತೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಹೊಳೆವ್ವ ಲಗ್ನದ ಮಾತುಕತೆಯನ್ನು ಎಂದೂ ಮನೆಯೊಳಗೆ ನಡೆಸಿದವಳಲ್ಲ. ಇದ್ದದ್ದೇ ಎರಡು ಕೋಣೆ. ಒಂದರಲ್ಲಿ ಒಲೆ, ಇನ್ನೊಂದರಲ್ಲಿ ಜೋಳದ ಚೀಲ. ಆದರೆ ಕಾರಣ ಕೇಳಿದವರಿಗೆ ಅವಳು ಅದನ್ನು ಹೇಳುತ್ತಿರಲಿಲ್ಲ.

“ಒಳಗ ಆಡಿದ ಮಾತು ಹೊರಗ ಬಂದ ಮ್ಯಾಲ ಬದಲ ಆಗ್ತೈತ್ರಿ. ಮೊದಲ ಹೊರಗ ಆಡಿದ್ರ ಅದು ಇನ್ನೆಲ್ಲಿಗಿ ಹೋಗಿ ಬದಲ ಆಗಬೇಕು?” ಎನ್ನುತ್ತಿದ್ದಳು.

ಹಾಗಾಗಿ ಅಂಗಳದ ಬೇವಿನ ಮರದ ಕೆಳಗೆ ಹಗ್ಗ ಹೆಣೆದ ಮಂಚ, ಒಂದು ದೊಡ್ಡ ಹೊರಸು, ಅದರ ಮೇಲೊಂದು ಕಂಬಳಿ. ಗಂಡಿನ ಕಡೆಯವರು ಹೊರಸಿನ ಮೇಲೆ, ಹೆಣ್ಣಿನ ಕಡೆಯವರು ಎದುರಿಗೆ ಹಾಸಿದ ಜಮಖಾನೆಯ ಮೇಲೆ, ಹೊಳೆವ್ವ ಹೊರಸಿನ ಕಾಲ ಬಳಿ ಇಬ್ಬರಿಗೂ ಮುಖ ಕಾಣುವ ಹಾಗೆ. ಎಷ್ಟೋ ಮನೆಗಳ ಸಂಸಾರ ಆ ಬೇವಿನ ನೆರಳಿನಲ್ಲಿ ಶುರುವಾಗಿತ್ತು.

ನಲವತ್ತು ದಾಟಿದ ಮೇಲೆ ಅವಳಿಗೆ ಸೀನು ಅಂಟಿಕೊಂಡಿತು.

ಅದು ಸಾಮಾನ್ಯ ಸೀನಲ್ಲ. ಮೊದಲು ಮಾತು ನಿಲ್ಲುತ್ತಿತ್ತು. ಕಣ್ಣು ಅರ್ಧ ಮುಚ್ಚುತ್ತಿತ್ತು. ಒಂದು ಕೈ ಮೇಲೇರಿ, ಎದುರಿಗಿದ್ದವರಿಗೆ ಸ್ವಲ್ಪ ತಡೆಯಿರಿ ಎಂದು ಹೇಳುವಂತೆ ಗಾಳಿಯಲ್ಲಿ ನಿಲ್ಲುತ್ತಿತ್ತು. ಆಮೇಲೆ ಬರುವ ಸದ್ದಿಗೆ ಕೋಳಿಗಳು ಗೋಡೆ ಹತ್ತುತ್ತಿದ್ದವು. ಒಂದು ಬಂದರೆ ಅದರ ಬೆನ್ನಿಗೆ ಮನೆಮಂದಿಯೆಲ್ಲ ಬಂದಂತೆ ಸಾಲಾಗಿ ಬರುತ್ತಿದ್ದವು.

ಬೇರೆ ಯಾರಿಗಾದರೂ ಇದು ಬರೀ ಮೂಗಿನ ತೊಂದರೆ. ಲಗ್ನ ಕೂಡಿಸುವವಳಿಗೆ ಹಾಗಲ್ಲ. ಶುಭದ ಮಾತು ಆಡುವಾಗ ಯಾರಾದರೂ ಸೀನಿದರೆ ನಮ್ಮ ಕಡೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಎಪ್ಪತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಬಬಲೇಶ್ವರದ ಯಲಗೂರಪ್ಪ ತನ್ನ ಮಗ ಅಮೋಘಿಗೆ ಹೆಣ್ಣು ಗೊತ್ತುಮಾಡಲು ಬಂದ. ಮೀಸೆಯ ಮನುಷ್ಯ, ಹೊಲಮನೆ ಚೆನ್ನಾಗಿದ್ದವನು, ಆದರೆ ಶಕುನದ ಹುಚ್ಚು ವಿಪರೀತ. ಬೆಕ್ಕು ಅಡ್ಡ ಬಂತೆಂದು ಎದುರಿಗೆ ನಿಂತಿದ್ದ ಬಸ್ಸನ್ನು ಬಿಟ್ಟು ಮರುದಿನ ಹೋದವನು. ಹೊಳೆವ್ವ ಅವನ ಮಗನಿಗೆ ನೋಡಿದ್ದ ಹುಡುಗಿ ತಿಕೋಟಾದ ರುಕ್ಮವ್ವ. ಎತ್ತಿನ ಬಂಡಿಯನ್ನು ಗಂಡಸರಿಗಿಂತ ನೆಟ್ಟಗೆ ಹೊಡೆಯುವವಳು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿದ್ದಾಯಿತು. ಅಮೋಘಿ ಚಹದ ಬಸಿಯನ್ನು ಬಾಯಿಗೆ ಒಯ್ಯುವುದನ್ನು ಮರೆತು ಕುಳಿತದ್ದನ್ನು ಕಂಡೇ ಹೊಳೆವ್ವನಿಗೆ ಕೆಲಸ ಆಯಿತು ಅನ್ನಿಸಿತ್ತು. ಒಪ್ಪಿಗೆಯಾದ ಕೂಡಲೇ ಹಂಚಲು ಸಕ್ಕರೆಯ ತಟ್ಟೆ ಸಿದ್ಧವಾಗಿತ್ತು. ಯಲಗೂರಪ್ಪ ಮೀಸೆ ತೀಡಿ ಗಂಟಲು ಸರಿಮಾಡಿಕೊಂಡ.

“ಆತು. ನಮಗ ಹುಡುಗಿ ಒಪ್ಪಿ—”

ಹೊಳೆವ್ವನ ಕೈ ಮೇಲೆದ್ದಿತು. ಕೋಳಿಗಳು ಗೋಡೆ ಹತ್ತಿದವು.

ಯಲಗೂರಪ್ಪನ ಬಾಯಲ್ಲಿ ಅರ್ಧ ಉಳಿದ ಮಾತು ಅಲ್ಲೇ ಉಳಿಯಿತು. ಹೆಣ್ಣಿನ ತಂದೆ ಗಾಬರಿಯಾಗಿ, “ಒಂದು ಸೀನಿದ್ರ ಅಷ್ಟ ಕೆಟ್ಟದ್ರಿ. ಎರಡಾದ್ರ ದೋಷ ಇಲ್ಲ. ಯಕ್ಕಾ, ಇನ್ನೊಂದು ಸೀನು!” ಎಂದ. ಹೊಳೆವ್ವ ಸೀನಿದಳು. ಎಲ್ಲರೂ ಉಸಿರು ಬಿಟ್ಟರು. ಅಷ್ಟರಲ್ಲಿ ಮೂರನೆಯದು ಬಂತು. ನಾಲ್ಕು ಬಂದಾಗ ಮತ್ತೆ ಸಮಾಧಾನ, ಐದಕ್ಕೆ ಮತ್ತೆ ಗಾಬರಿ. ಹಿರಿಯರೆಲ್ಲ ಬೆರಳು ಮಡಚಿ ಎಣಿಸತೊಡಗಿದರು. ಕೊನೆಗೆ ಸೀನು ನಿಂತಾಗ ಹೆಣ್ಣಿನ ಕಡೆಯವರ ಲೆಕ್ಕಕ್ಕೆ ಸಮ, ಗಂಡಿನ ಕಡೆಯವರ ಲೆಕ್ಕಕ್ಕೆ ಬೆಸ.

ಯಲಗೂರಪ್ಪ ಎದ್ದು ರುಮಾಲು ಕೊಡವಿದ. “ಹುಡುಗಿ ಮ್ಯಾಲ ಏನೂ ಮಾತಿಲ್ಲ. ಆದ್ರ ಈ ಮೂಗಿನ ಮುಂದ ನಾ ಸಕ್ರಿ ಹಂಚೂದಿಲ್ಲ” ಎಂದು ಹೊರಟೇಬಿಟ್ಟ. ಅಮೋಘಿ ಓಣಿಯ ತಿರುವಿನವರೆಗೂ ಹಿಂದೆ ಹೊರಳಿ ನೋಡುತ್ತಲೇ ಹೋದ.

ಸುದ್ದಿ ಹಬ್ಬಿತು. ಮಾತುಕತೆಗೆಂದು ಬರಬೇಕಾಗಿದ್ದ ಎರಡು ಮನೆಯವರು ಬೇರೆ ಕಡೆ ನೋಡುತ್ತೇವೆಂದು ಹೇಳಿ ಕಳಿಸಿದರು. ಆ ಸಂಜೆ ಹೊಳೆವ್ವನನ್ನು ಸಮಾಧಾನ ಮಾಡಲು ಬಂದವಳು ಪಕ್ಕದ ಮನೆಯ ಹುಸೇನಬಿ. ಅವಳ ಗಂಡ ಫಕ್ರುದ್ದೀನ ಗಾಂಧಿ ಚೌಕಿನ ಬಳಿಯ ಸಂದಿಯೊಂದರಲ್ಲಿ ಹೊರಸು, ಕುರ್ಚಿ ಮಾಡಿ ಮಾರುತ್ತಿದ್ದ.

“ನಮ್ಮೊಳಗ ಸೀನಿದ್ರ ಚಲೋ ಆತಂತ ದೇವರಿಗಿ ಶುಕ್ರ ಹೇಳ್ತೀವಿ ಯಕ್ಕಾ. ಅದಕ್ಕ ಯಾಕ ಅಳ್ತಿ?”

“ಹಂಗಾರ ಇನ್ ಮ್ಯಾಲ ನಿಮ್ಮವರ ಲಗ್ನಾನ ಕೂಡಸ್ತೀನಿ ತಗೋ.”

ಹುಸೇನಬಿ ತನ್ನ ಸೆರಗಿನಿಂದ ಅವಳ ಕಣ್ಣೊರೆಸಿದಳು. “ಕೂಡಸು. ಆದ್ರ ನೀ ಸೀನೂ ಪರಿಗಿ ನಮ್ಮ ಮಂದಿ ಶುಕ್ರ ಹೇಳಿ ಮುಗಸೂದ್ರಾಗ ಉಣ್ಣೂದು ಆರಿ ಹೋಗ್ತೈತಿ.”

ಮರುದಿನ ಹುಸೇನಬಿಯೇ ಅವಳನ್ನು ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರು ಮೂಗಿನಲ್ಲಿ ಬ್ಯಾಟರಿಯ ಬೆಳಕು ಬಿಟ್ಟು ನೋಡಿ, ಇದು ಅಲರ್ಜಿ ಎಂದರು.

“ಎದರ ಅರ್ಜಿರಿ? ನಾ ಯಾರಿಗೂ ಅರ್ಜಿ ಕೊಟ್ಟಿಲ್ರಿ” ಎಂದಳು ಹೊಳೆವ್ವ.

“ಅರ್ಜಿ ಅಲ್ಲ ಯವ್ವಾ, ಅಲರ್ಜಿ. ಮೈಗಿ ಆಗದ ವಸ್ತು ಹತ್ರ ಬಂದ್ರ ಮೈ ಬ್ಯಾಡ ಅಂತೈತಿ.”

“ಬ್ಯಾಡ ಅನ್ನೂದನ್ನ ಒಂದೀಟು ಮೆಲ್ಲಕ ಅನ್ನಬಾರದೇನ್ರಿ ಅದು?”

ಡಾಕ್ಟರು ನಕ್ಕರು. ನಾರು, ಉಣ್ಣೆ, ಅರಳೆ, ಧೂಳು ಇವು ದೂರ ಇರಲಿ. ದಿನಾ ಕೂಡುವ ಜಾಗ ಒರೆಸಿದರೆ ಸ್ವಚ್ಛ ಆಗುವಂಥದ್ದಿರಲಿ. ಹೂ ಉದುರುವ ಗಿಡದ ಬುಡದಲ್ಲಿ ಮಾತ್ರ ಕೂಡಬೇಡ ಎಂದು ಹೇಳಿ ಕಳಿಸಿದರು. ಹೊಳೆವ್ವ ಕೊನೆಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೇವಿನ ಮರ ಅತ್ತೆ ನೆಟ್ಟದ್ದು. ಅತ್ತೆ ಬದುಕಿದ್ದಾಗ ಅವಳ ಮೇಲೆ ಹೇಳಬೇಕಾದ ದೂರು ಹೇಳಿ ಮುಗಿದಿತ್ತು. ಸತ್ತ ಮೇಲೆ ಅವಳ ಮರದ ಮೇಲೆ ದೂರು ಹೇಳುವುದು ಸರಿಯಲ್ಲ ಅನ್ನಿಸಿತು. ಕಂಬಳಿ, ಜಮಖಾನೆ ಒಳಗೆ ಹೋದವು. ಇನ್ನು ಕೂಡುವ ಸಾಮಾನು ಬದಲಾಗಬೇಕಿತ್ತು.

“ನನ್ನ ಮ್ಯಾಲ ಬಿಡು ಯಕ್ಕಾ” ಎಂದ ಫಕ್ರುದ್ದೀನ. ಅವನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಗೊತ್ತಿಲ್ಲ ಎಂಬುದೊಂದನ್ನು ಬಿಟ್ಟು.

ಮೊದಲು ಹೊರಸಿನ ಹಗ್ಗ ಬಿಚ್ಚಿದ. ಅದು ಪುಂಡಿ ನಾರಿನ ಹಳೆಯ ಹಗ್ಗ, ಬಿಚ್ಚುವಾಗ ಎದ್ದ ಪುಡಿಗೆ ಹೊಳೆವ್ವ ಅಷ್ಟೇ ಅಲ್ಲ, ಅವನೂ ಸೀನಿದ. “ನೋಡಿದೇನು, ಕಳ್ಳ ಸಿಕ್ಕ!” ಎಂದು ಸಂತೋಷಪಟ್ಟು, ಅದರ ಬದಲು ತೆಂಗಿನ ನಾರಿನ ಹಗ್ಗ ಹೆಣೆದ. ಅದರ ಮೇಲೆ ಕುಳಿತರೆ ಸೀನಿನ ಜೊತೆಗೆ ತುರಿಕೆಯೂ ಬಂತು. ಆಮೇಲೆ ನೂಲಿನ ಅಗಲ ನವಾರದ ಪಟ್ಟಿ ಹಾಕಿದ. ಅದು ಮೆತ್ತಗಿತ್ತು, ನೋಡಲು ಚೆಂದವಿತ್ತು, ಓಣಿಯ ಧೂಳನ್ನೆಲ್ಲ ಕುಡಿದು ಕೂಡುವವರ ತೂಕ ಬಿದ್ದಾಗ ಪೂರ್ತಿಯಾಗಿ ವಾಪಸು ಕೊಡುತ್ತಿತ್ತು. ಬೆತ್ತದ ಕುರ್ಚಿ ತಂದ. ಕೆಲವು ದಿನ ಎಲ್ಲ ಸರಿಯಿತ್ತು. ಅಷ್ಟರಲ್ಲಿ ಬೆತ್ತದ ಸಂದಿಯಲ್ಲಿ ತಗಣಿ ಸಂಸಾರ ಹೂಡಿದವು. ತಗಣಿಗೆ ಪುಡಿ ಹೊಡೆದರು. ತಗಣಿ ಸಾಯಲಿಲ್ಲ, ಹೊಳೆವ್ವ ಸೀನುತ್ತ ಓಣಿಯ ಕೊನೆಯವರೆಗೆ ಓಡಿದಳು.

ಹೊಸ ಸಾಗವಾನಿ ಬೆಂಚು ಮಾಡಿಕೊಟ್ಟಾಗಲಂತೂ ಫಕ್ರುದ್ದೀನನ ಉತ್ಸಾಹ ಹೇಳತೀರದು. ನಾರಿಲ್ಲ, ಸಂದಿಲ್ಲ, ಒರೆಸಿದರೆ ಕನ್ನಡಿ. ಮೇಲೆ ವಾರ್ನೀಸು ಬೇರೆ ಬಳಿದಿದ್ದ. ಒಂದು ತಾಸು ಕುಳಿತು ಎದ್ದ ಹೊಳೆವ್ವನ ಮುಖ ನೋಡಿ ರಾಮಲಿಂಗ ಮೊದಲ ಬಾರಿಗೆ ಬಾಯಿ ಬಿಟ್ಟ.

“ಯಾರವಾ ನೀನು?” ಎಂದ.

ಕಣ್ಣು ಬಾತು ಎರಡು ಗೆರೆಯಾಗಿದ್ದವು.

ಕಬ್ಬಿಣದ ಕುರ್ಚಿಯ ವಿಚಾರ ಹೊಳೆವ್ವನ ಸ್ವಂತದ್ದು. ತಿಕೋಟಾದಲ್ಲಿ ಅವಳ ತಮ್ಮ ಚಹದ ಹೋಟೆಲು ನಡೆಸಿ ಮುಚ್ಚಿದ್ದ. ಅದರ ಮಡಚುವ ಕಬ್ಬಿಣದ ಕುರ್ಚಿಗಳು ಮನೆಯ ಹಿಂದೆ ಬಿದ್ದಿದ್ದವು. ಅವನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಳು. ತಿಕ್ಕಿ ತೊಳೆದು ಮೊದಲ ಬಾರಿಗೆ ಬೇವಿನ ಬುಡ ಬಿಟ್ಟು ಸ್ವಲ್ಪ ಈಚೆಗೆ ಸಾಲಾಗಿ ಇಟ್ಟಳು, ಹೊಸ ಕುರ್ಚಿಯ ಮೇಲೆ ಹಕ್ಕಿ ಹೊಲಸು ಮಾಡದಿರಲಿ ಎಂದು. ಬೆಳಗ್ಗೆಯೆಲ್ಲ ಕುಳಿತರೂ ಒಂದು ಸೀನಿಲ್ಲ! ಕೂಡಲೇ ತೊರವಿಯ ಒಂದು ಗಂಡಿನ ಮನೆತನಕ್ಕೂ ಓಣಿಯ ಒಂದು ಹೆಣ್ಣಿನ ಮನೆಯವರಿಗೂ ಬರಲು ಹೇಳಿ ಕಳಿಸಿದಳು.

ಅವರು ಬಂದದ್ದು ಮಧ್ಯಾಹ್ನ. ಅಷ್ಟು ಹೊತ್ತಿಗೆ ನೆರಳು ಗೋಡೆಯ ಆಚೆಗೆ ಹೋಗಿ ಕುರ್ಚಿಗಳು ಬಿಸಿಲಿನಲ್ಲಿ ಉಳಿದಿದ್ದವು. “ಬರ್ರಿ, ಕುಂಡರ್ರಿ” ಎಂದು ಹೊಳೆವ್ವ ಬಾಯ್ತುಂಬ ಕರೆದಳು. ಹುಡುಗನ ತಂದೆ ಧೋತರದ ಚುಂಗು ಸರಿಮಾಡಿಕೊಂಡು ಗಂಭೀರವಾಗಿ ಕುಳಿತ. ಕುಳಿತಷ್ಟೇ ಬೇಗ ಎದ್ದ.

“ಯವ್ವಾ ಯವ್ವಾ! ಹೆಣ್ಣು ನೋಡಾಕ ಕರದೀರೋ, ನನ್ನ ಹಂಚಿನ ಮ್ಯಾಲ ರೊಟ್ಟಿ ಹಾಕಿದಂಗ ಹಾಕಾಕ ಕರದೀರೋ?”

ಹೊಳೆವ್ವ ಗಡಿಬಿಡಿಯಲ್ಲಿ ಒಳಗಿನಿಂದ ಖಾಲಿ ಶೇಂಗಾ ಚೀಲಗಳನ್ನು ತಂದು, ನೀರು ಚಿಮುಕಿಸಿ ಕುರ್ಚಿಗಳ ಮೇಲೆ ಹಾಸಿದಳು. ಚೀಲ ಕೊಡವಿದಾಗ ಎದ್ದ ಧೂಳು, ಅವಳು ತಾನೂ ಒಂದು ಕುರ್ಚಿಯಲ್ಲಿ ಕೂಡುವಷ್ಟರಲ್ಲಿ, ನೇರ ಮೂಗಿಗೆ ಹೋಯಿತು. ಕೈ ಮೇಲೆದ್ದಿತು. ಆ ಸೀನಿನ ರಭಸಕ್ಕೆ ಅವಳು ಕುಳಿತಿದ್ದ ಕುರ್ಚಿ, ಹೋಟೆಲು ಮುಚ್ಚುವ ಹೊತ್ತಾಯಿತೆಂದು ತಿಳಿದಂತೆ, ಅವಳನ್ನು ಒಳಗಿಟ್ಟುಕೊಂಡೇ ಮಡಚಿಕೊಂಡಿತು. ಬಿಡಿಸಲು ಹೆಣ್ಣಿನ ಕಡೆಯವರು ಒಂದು ಬದಿ, ಗಂಡಿನ ಕಡೆಯವರು ಒಂದು ಬದಿ ಹಿಡಿದು ಎಳೆಯಬೇಕಾಯಿತು. ಎರಡೂ ಮನೆತನದವರು ಅಂದು ಒಟ್ಟಾಗಿ ಮಾಡಿದ ಕೆಲಸ ಅದೊಂದೇ.

ಹೊಳೆವ್ವ ನಗುವವಳೇ ಆದರೂ ಅಂದು ರಾತ್ರಿಯ ಊಟ ಬಿಟ್ಟಳು. ಮೈ ನೊಂದದ್ದಕ್ಕಲ್ಲ. ತಿಕೋಟಾದಿಂದ ಒಂದು ಸುದ್ದಿ ಬಂದಿತ್ತು. ಬೇರೆ ಗಂಡಿನ ಕಡೆಯವರು ಬರುತ್ತಾರೆಂದರೆ ರುಕ್ಮವ್ವ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ ಕೂಡುತ್ತಾಳಂತೆ. ಅತ್ತ ಅಮೋಘಿಯೂ ಯಾವ ಹೆಣ್ಣನ್ನೂ ನೋಡಲು ಒಲ್ಲೆನೆಂದಿದ್ದಾನಂತೆ.

“ಸೀನಿದಾಕಿ ನಾನು. ಶಿಕ್ಷಾ ಆ ಕೂಸಿಗಿ” ಎಂದಳು ಗಂಡನಿಗೆ. “ನಾನ ಬಬಲೇಶ್ವರಕ್ಕ ಹೋಗಿ ಅವರ ಕಾಲಿಗಿ ಬೀಳ್ತೀನಿ.”

ರಾಮಲಿಂಗ ಆಗಲಿ ಎಂಬಂತೆ ತಲೆಯಾಡಿಸಿದ.

ಹುಡುಗಿಯ ತಂದೆಯನ್ನು ಜೊತೆಗೆ ಕರೆದುಕೊಂಡು, ಬಸ್ಸಿನ ಉದ್ದಕ್ಕೂ ಮೂಗಿಗೆ ಒದ್ದೆ ಸೆರಗು ಹಿಡಿದು ಹೊಳೆವ್ವ ಬಬಲೇಶ್ವರಕ್ಕೆ ಹೋದಳು. ಅಂದು ಯಾವ ಪ್ರಯಾಣಿಕರ ಮನೆತನವನ್ನೂ ವಿಚಾರಿಸಲಿಲ್ಲ. ಯಲಗೂರಪ್ಪ ದೂರದಿಂದಲೇ ಅವಳನ್ನು ಗುರುತಿಸಿ ಬಾಗಿಲಿಗೆ ಅಡ್ಡ ನಿಂತ.

“ಒಳಗ ಬರಬ್ಯಾಡವಾ. ಬಿತ್ತಾಕ ಬೀಜ ತಂದಿಟ್ಟೀನಿ. ನೀ ಸೀನಿದ್ರ ಅವು ಹುಟ್ಟೂದಿಲ್ಲ.”

ಹೊರಗೆ ಗೋಡೆಯ ನೆರಳಿನಲ್ಲಿ, ನೀರಿನ ಹರವಿಗಳನ್ನು ಇಡುವ ಪರಸಿ, ಅಗಲವಾದ ಕಲ್ಲಿನ ಚಪ್ಪಡಿ, ಇತ್ತು. ಹರವಿ ಸರಿಸಿ ಅಲ್ಲೇ ಕೂಡಿಸಿದರು. ಯಲಗೂರಪ್ಪನ ತಾಯಿ ಮುದುಕವ್ವ ಹೊಸ್ತಿಲ ಮೇಲೆ ಬಂದು ಕುಳಿತಳು. ಅಮೋಘಿ ಎತ್ತಿನ ಮೈ ತಿಕ್ಕುವ ನೆವದಿಂದ ಹತ್ತಿರವೇ ಉಳಿದ.

ಹೊಳೆವ್ವ ಮಾತು ತೆಗೆಯಲು ಹೋದರೆ ಯಲಗೂರಪ್ಪ ತಡೆದ. “ತಡಿ. ಮೊದಲ ಸೀನಿ ಮುಗಸು. ಮಾತು ಆಮ್ಯಾಲ.”

ಹೊಳೆವ್ವ ಕಾದಳು. ಎಲ್ಲರೂ ಕಾದರು. ಯಲಗೂರಪ್ಪ ಹೊತ್ತು ಕಳೆಯಲು ಮಳೆಯ ಮಾತು ಆಡಿದ, ಬಾವಿಗೆ ಕೂಡಿಸಿದ ಹೊಸ ಮೋಟಾರಿನ ಮಾತು ಆಡಿದ, ನಡುನಡುವೆ ಅವಳ ಮೂಗು ನೋಡಿದ. ಚಹ ಬಂತು. ಚಹ ಮುಗಿಯಿತು.

“ಬರಾಕತ್ತಿಲ್ರಿ” ಎಂದಳು ಹೊಳೆವ್ವ, ತಪ್ಪು ಮಾಡಿದವಳಂತೆ.

“ಅವತ್ತ ಬ್ಯಾಡ ಅಂದ್ರೂ ಬಂತು. ಇವತ್ತ ಬೇಕಂದ್ರ ಬರೂದಿಲ್ಲೇನು?”

“ನನ್ನ ಮಾತ ಕೇಳೂದಿದ್ರ ನಾ ಇಲ್ಲಿಗ್ಯಾಕ ಬರ್ತಿದ್ನಿ ಯಪ್ಪಾ?”

ಮುದುಕವ್ವನಿಗೆ ಸಾಕಾಯಿತು. “ಲೇ ಯಲಗೂರ್ಯಾ, ಸುಮ್ಮ ಕುಂತಾಕಿ ಮೂಗಾ ಏನ್ ನೋಡ್ತಿ? ಸಕ್ರಿ ತರ್ಸೋ. ನಿನ್ನ ಮಗಾ ಆ ಎತ್ತಿಂದು ತೊಗಲು ಕಿತ್ತಿಡಾಕತ್ತಾನ ಅಲ್ಲಿ.”

ನಿಜವಾಗಿಯೂ ಅಮೋಘಿ ಇವರು ಬಂದಾಗಿನಿಂದ ಒಂದೇ ಜಾಗ ತಿಕ್ಕುತ್ತಿದ್ದ. ಎತ್ತು ಬೇಸತ್ತು ಅವನ ಕಡೆಗೆ ಹೊರಳಿ ನೋಡುತ್ತಿತ್ತು.

ಸಕ್ಕರೆ ಬಂತು. ಯಲಗೂರಪ್ಪ ಎದ್ದು ನಿಂತ. ಹೊಳೆವ್ವ ಮುನ್ನೆಚ್ಚರಿಕೆಗೆ ಎರಡೂ ಕೈಯಿಂದ ಮೂಗು ಹಿಡಿದುಕೊಂಡಳು. ರುಕ್ಮವ್ವನ ತಂದೆ ಕಣ್ಣು ಮುಚ್ಚಿದ.

“ಆತು. ತಿಕೋಟಾದ ಹುಡುಗಿ ನಮಗ ಒಪ್ಪಿ—”

ಸೀನು ಬಂತು. ಸೀನಿದವನು ಯಲಗೂರಪ್ಪ.

ಎತ್ತಿನ ಮೈಯಿಂದೆದ್ದ ಧೂಳು ಮೆಲ್ಲಗೆ ಅವನ ಮೀಸೆಯ ಸುತ್ತ ಇಳಿಯುತ್ತಿತ್ತು. ತನ್ನ ಮೂಗು ತನಗೇ ಹೀಗೆ ಮಾಡೀತೆಂದು ಯಲಗೂರಪ್ಪ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಅವನು ತಾಯಿಯ ಮುಖ ನೋಡಿದ. “ಯವ್ವಾ, ಇದು ಒಂದಾತು. ಬೆಸ.”

“ಇನ್ನೊಂದು ಸೀನು. ಸಮ ಮಾಡು” ಎಂದಳು ಮುದುಕವ್ವ.

ಯಲಗೂರಪ್ಪ ಬಾಯಿ ತೆರೆದು ಕಾದ. ಬರಲಿಲ್ಲ. ಮೂಗು ತಿಕ್ಕಿದ. ಬರಲಿಲ್ಲ. ಮಗನ ಕೈಯ ಹುಲ್ಲಿನ ಸಿವುಡನ್ನೇ ಮೂಸಿದ. ಅದಕ್ಕೂ ಬರಲಿಲ್ಲ. ಮುಖ ಕೆಂಪಾಗಿ ಹಣೆಯಲ್ಲಿ ಬೆವರೊಡೆಯಿತು. ಆಗ ಹೊಳೆವ್ವ ಮೂಗಿನಿಂದ ಕೈ ತೆಗೆದಳು. ಈ ವಿಷಯದಲ್ಲಿ ಆ ಅಂಗಳದಲ್ಲಿ ಅವಳಷ್ಟು ಅನುಭವ ಯಾರಿಗೂ ಇರಲಿಲ್ಲ.

“ಹಂಗ ಬರೂದಿಲ್ರಿ. ಗೋಡಿ ನೆರಳು ಬಿಟ್ಟು ಈಚಿಗಿ ಬರ್ರಿ. ಮಾರಿ ಮ್ಯಾಲ ಮಾಡ್ರಿ. ಸೂರ್ಯಾನ್ನ ನೋಡೂವಂಗ ಮಾಡಿ ಕಣ್ಣ ಸಣ್ಣ ಮಾಡ್ರಿ. ಉಸಿರು ಹಿಡೀಬ್ಯಾಡ್ರಿ. ಹಾಂ, ಬರ್ತೈತಿ ನೋಡ್ರಿ ಈಗ, ಬರ್ತೈತಿ...”

ಬೆಕ್ಕಿಗೆ ಹೆದರಿ ಬಸ್ಸು ಬಿಟ್ಟ ಯಲಗೂರಪ್ಪ ತನ್ನ ಮನೆಯ ಮುಂದೆ ಆಕಾಶಕ್ಕೆ ಮೂಗೆತ್ತಿ ನಿಂತ. ದಾರಿಯಲ್ಲಿ ಹೋಗುತ್ತಿದ್ದವರೂ ನಿಂತರು. ಕೊನೆಗೆ ಬಂದ ಸೀನು ಹೊಳೆವ್ವನ ಸೀನಿಗೆ ಸಾಟಿಯಾಗುವಂಥದ್ದು. ಎರಡನೆಯದರ ಹಿಂದೆ ಮೂರನೆಯದು ಬರುವ ಮೊದಲೇ ಮುದುಕವ್ವ ಒಂದು ಹಿಡಿ ಸಕ್ಕರೆಯನ್ನು ಮಗನ ಬಾಯಿಗೆ ತುರುಕಿದಳು. ಲಗ್ನ ನಿಶ್ಚಯವಾಯಿತು. ಅಮೋಘಿ ಎತ್ತಿಗೂ ಸಕ್ಕರೆ ತಿನ್ನಿಸಿದ.

ವಾಪಸು ಬರುವಾಗ ಹೊಳೆವ್ವನಿಗೆ ಹೊಳೆಯಿತು. ಅಷ್ಟು ಹೊತ್ತು ಕುಳಿತದ್ದು ತಂಪು ಕಲ್ಲಿನ ಮೇಲೆ. ನಾರಿಲ್ಲ, ಬಣ್ಣವಿಲ್ಲ, ಮೇಲೆ ಮರವಿಲ್ಲ. ದಿನಾ ಹರವಿಯ ನೀರು ಚೆಲ್ಲಿ ಧೂಳು ನಿಲ್ಲುತ್ತಿರಲಿಲ್ಲ. ಮನೆಗೆ ಬಂದವಳೇ ಇದನ್ನೆಲ್ಲ ಗಂಡನಿಗೆ ಹೇಳಿದಳು. ಬೇವಿನ ವಿಷಯಕ್ಕೆ ಬಂದಾಗ ದನಿ ತಗ್ಗಿಸಿ, “ಅತ್ತಿ ಗಿಡಕ್ಕ ನಾ ಏನೂ ಅನ್ನೂದಿಲ್ಲ. ನಾನ ಆಚಿ ಕಡಿ ಕುಂಡರ್ತೀನಿ” ಎಂದಳು.

ಮೂರು ದಿನ ಬಿಟ್ಟು ರಾಮಲಿಂಗ ಒಂದು ಬಂಡಿಯಲ್ಲಿ ಎರಡು ಉದ್ದನೆಯ ಪರಸಿ ತಂದ. ಮರದಿಂದ ದೂರ, ದಿನದ ಬಹುಪಾಲು ನೆರಳಿರುವ ತೆಂಕಣ ಗೋಡೆಯ ಬಳಿ ದಪ್ಪ ಕಲ್ಲುಗಳ ಮೇಲೆ ಎದುರುಬದುರಾಗಿ ಕೂಡಿಸಿದ. ಕೂಡಿಸಿ, “ಕುಂಡರು” ಎಂದ. ಹೊಳೆವ್ವ ಕುಳಿತಳು. ಇಬ್ಬರೂ ಸೀನಿಗೆ ಕಾದರು. ಸೀನು ಬರಲಿಲ್ಲ. ರಾಮಲಿಂಗ ನಳ ಬಿಡಲು ಹೋದ. ಅಂದಿನಿಂದ ನೀರು ಬಂದಾಗಲೆಲ್ಲ ಹೊಳೆವ್ವನ ಮೊದಲ ಕೊಡ ಆ ಕಲ್ಲುಗಳ ಮೇಲೆ ಬೀಳುತ್ತಿತ್ತು.

ಪೂರ್ತಿ ಗುಣವಾಯಿತೆಂದು ಹೇಳಲಾರೆ. ಚಳಿಗಾಲದಲ್ಲಿ, ಕಣದಲ್ಲಿ ರಾಶಿ ಮಾಡುವ ದಿನಗಳಲ್ಲಿ ಅಷ್ಟಿಷ್ಟು ಸೀನು ಬರುತ್ತಿತ್ತು. ಆದರೆ ಲಗ್ನದ ಮಾತಿನ ನಡುವೆ ಬರುವುದು ನಿಂತಿತು. ಜನ ಮರಳಿ ಬಂದರು. ಅದಕ್ಕಿಂತ ವಿಚಿತ್ರವೆಂದರೆ, ಹಿಂದೆ ಹೊರಸಿನ ಮೇಲೆ ಒರಗಿ ಸಂಜೆಯವರೆಗೆ ಎಳೆದಾಡುತ್ತಿದ್ದ ಮಾತುಕತೆಗಳು ಈಗ ಬೇಗ ಮುಗಿಯತೊಡಗಿದವು. ಬರೀ ಕಲ್ಲಿನ ಮೇಲೆ ಎಷ್ಟು ಹೊತ್ತು ಕೂತಾರು? ಮೊದಲು ಒಂದು ಕಡೆಯವರು ಸರಿದಾಡುತ್ತಿದ್ದರು, ಆಮೇಲೆ ಇನ್ನೊಂದು ಕಡೆಯವರು. ನೋವು ಸೊಂಟಕ್ಕೆ ಏರುವ ಹೊತ್ತಿಗೆ ಎರಡೂ ಕಡೆಯವರಿಗೂ ಹಟ ಇಳಿದಿರುತ್ತಿತ್ತು. ಕೆಲವರು ಬುದ್ಧಿವಂತಿಕೆ ಮಾಡಿ ದಿಂಬು ತರುತ್ತಿದ್ದರು. ಅರಳೆ ತನಗೆ ಆಗುವುದಿಲ್ಲವೆಂದು ಹೊಳೆವ್ವ ಅದನ್ನು ಬಾಗಿಲಲ್ಲೇ ಇಡಿಸುತ್ತಿದ್ದಳು.

ಫಕ್ರುದ್ದೀನ ಬಹಳ ದಿನ ಆ ಕಲ್ಲಿನ ಕಡೆ ನೋಡಲಿಲ್ಲ. ಕೈಯಿಂದ ಮಾಡಿದ್ದನ್ನು ಬಿಟ್ಟು ನೆಲದಿಂದ ಅಗೆದದ್ದರ ಮೇಲೆ ಕೂಡುವುದು ತನ್ನ ಕಸುಬಿಗೆ ಅವಮಾನ ಎನ್ನುತ್ತಿದ್ದ. ಆದರೆ ಅವನ ಮಗಳು ಸಬೀರಾಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಅವನ ಮನೆ ಹಿಡಿಸಲಾರದಷ್ಟು ಜನವಾದರು. ಹುಸೇನಬಿ ಎಲ್ಲರನ್ನೂ ಹೊಳೆವ್ವನ ಅಂಗಳಕ್ಕೆ ಕರೆತಂದಳು. ಎಷ್ಟು ಮಂದಿಗೆ ಊಟ ಹಾಕಿಸಬೇಕೆಂಬ ವಿಷಯದಲ್ಲಿ ಎರಡೂ ಕಡೆ ಬಿಗಿಯಾಯಿತು. ಫಕ್ರುದ್ದೀನ ಒಂದು ಮಾತೂ ಬಿಟ್ಟುಕೊಡಲಿಲ್ಲ. ಎಡಕ್ಕೆ ವಾಲಿದ. ಬಲಕ್ಕೆ ವಾಲಿದ. ಒಂದು ಕಾಲು ಮಡಚಿ ಅದರ ಮೇಲೆ ಕುಳಿತ. ಕೊನೆಗೆ ಸೊಂಟ ಹಿಡಿದುಕೊಂಡು ಎದ್ದುಬಿಟ್ಟ.

“ಆತ್ರಿ, ನೀವು ಹೇಳಿದಷ್ಟ ಮಂದಿ ಕರಕೊಂಡು ಬರ್ರಿ” ಎಂದ. “ನಡೀರಿ, ನಮ್ಮ ಮನ್ಯಾಗ ಹೊರಸಿನ ಮ್ಯಾಲ ಕುಂತು ಚಾ ಕುಡಿಯೂಣು.”